ಆರನೇ ರೇಸು

ಕೊಯಮತ್ತೂರಿನಿಂದ ಲಾರಿಯಲ್ಲಿ ಬಂದ ರೇಸ್ ಕಾರನ್ನು ಹುಣಸೂರಿನ ಶಂಶುದ್ದೀನರ ವೆಲ್ಡಿಂಗ್ ಶಾಪಿನ ಮುಂದೆ ನಾಲ್ಕು ಜನ ಹಿಡಿದು ಇಳಿಸಿದರು. ಮೂರು ಚಕ್ರ ನೆಲಕ್ಕೆ ತಾಗಿದವು. ಮುಂದಿನ ಎಡಗಡೆಯದನ್ನು ಮಾತ್ರ, ಮುರಿದ ಕಬ್ಬಿಣದ ಸಮೇತ, ಗ್ರೀಸು ಮೆತ್ತಿದ ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಒಳಬಾಗಿಲ ಪರದೆಯ ಹಿಂದೆ ನಿಂತಿದ್ದ ಅವರ ಮಗಳು ಅಲ್ಮಾಸಳ ಕಣ್ಣು ಆ ಗೋಣಿಚೀಲವನ್ನು ಬಿಟ್ಟು ಕದಲಲಿಲ್ಲ.

ಒಬ್ಬನೇ ಕೂರುವ, ನಾಲ್ಕೂ ಚಕ್ರ ಮೈಯಿಂದ ಆಚೆ ಚಾಚಿಕೊಂಡಿರುವ ಗಾಡಿ ಅದು. ದುಡ್ಡು ಹಾಕಿದವನು ಪಿರಿಯಾಪಟ್ಟಣದ ಶುಂಠಿ ವ್ಯಾಪಾರಿ ಮಹೇಶ್ಕುಮಾರ್. ಪೈಪು ಬಗ್ಗಿಸಿ ಬೆಸೆದವರು ಅವಳ ಅಬ್ಬಾ ಶಂಶುದ್ದೀನರು. ಓಡಿಸಿದವನು ಅಲ್ಮಾಸಳ ಅಣ್ಣ ಮುಜಾಮಿಲ್. ಮೊದಲ ರೇಸಿನಲ್ಲಿ ಅರ್ಧ ಸುತ್ತಿಗೇ ಎಂಜಿನ್ ಕಾದು ನಿಂತಿತು. ಎರಡನೆಯದರಲ್ಲಿ ಗೇರು ಕಚ್ಚಿಕೊಂಡಿತು. ರೇಡಿಯೇಟರನ್ನು ಪಕ್ಕಕ್ಕೆ ಸರಿಸಿ, ಸೀಟನ್ನು ನಾಲ್ಕು ಬೆರಳು ತಗ್ಗಿಸಿ, ಕಟ್ಟೆಮಳಲವಾಡಿಯ ತಂಬಾಕು ಹರಾಜಿನ ಖಾಲಿ ಅಂಗಳದಲ್ಲಿ ವಾರಗಟ್ಟಲೆ ಸುತ್ತಿಸಿ ಪಳಗಿಸಿದ ಮೇಲೆ ಹನ್ನೊಂದನೆಯದಾಗಿ ಬಂತು, ಆಮೇಲೆ ಏಳನೆಯದಾಗಿ, ಐದನೇ ರೇಸಿನಲ್ಲಿ ಮೂರನೆಯದಾಗಿ. ಆರನೇ ರೇಸಿನ ಎರಡನೇ ತಿರುವಿನಲ್ಲಿ ಚಕ್ರ ಕಳಚಿ ಗಾಡಿ ಗೋಡೆಗೆ ಬಡಿಯಿತು. ಮುಜಾಮಿಲ್‌ನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅಲ್ಮಾಸಳಿಗೆ ಆ ಶಾಪಿನಲ್ಲಿ ಒಂದು ಕೆಲಸವಿತ್ತು. ಪ್ರತಿ ರೇಸಿಗೆ ಮುಂಚೆ, ಚಕ್ರ ಹಿಡಿದಿರುವ ಕಬ್ಬಿಣದ ತೋಳುಗಳ ಬೆಸುಗೆಗೆಲ್ಲ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಅದಕ್ಕೆಂದೇ ಆ ತೋಳುಗಳಿಗೆ ಅಬ್ಬಾ ಎಂದೂ ಬಣ್ಣ ಹೊಡೆಯುತ್ತಿರಲಿಲ್ಲ. ಆರನೇ ರೇಸಿಗೆ ಪೇಪರಿನವರು ಫೋಟೋ ತೆಗೆಯಲು ಬರುತ್ತಾರೆಂದು ಮಹೇಶ್ಕುಮಾರ್ ಗಾಡಿಗೆ ಕೆಂಪು ಬಣ್ಣ ಹೊಡೆಸಿದ. ತೋಳುಗಳು ಮಾತ್ರ ಬೋಳಾಗಿ ಕಾಣುವುದು ಅಲ್ಮಾಸಳಿಗೆ ಸರಿಬರಲಿಲ್ಲ. ಉಳಿದ ಬಣ್ಣವನ್ನು ಅವಕ್ಕೂ ಬಳಿದಳು. ಬಳಿದ ಮೇಲೆ ನೆನಪಾಯಿತು, ಬೆಸುಗೆ ನೋಡಿರಲಿಲ್ಲ. ಈಗ ಸೀಮೆಎಣ್ಣೆ ಸವರಿದರೆ ಹಸಿ ಬಣ್ಣ ಕಿತ್ತು ಬರುತ್ತದೆ. "ನೋಡಿ ಆಮೇಲೆ ಹೊಡ್ದ್ಯಾ ಬಣ್ಣಾವ?" ಎಂದು ಅಬ್ಬಾ ಕೇಳಿದ್ದರು. "ಹೂಂ" ಅಂದಿದ್ದಳು.

"ಏನ್ ಭಾಯ್, ನಿಮ್ ಬೆಸುಗೆ ಇಷ್ಟೇನಾ?" ಲಾರಿಯ ಹಿಂದೆಯೇ ಬಂದಿದ್ದ ಮಹೇಶ್ಕುಮಾರ್ ಕೇಳಿದ. "ಮೂವತ್ತು ವರ್ಸದ ಕೈ ಅಂತ ನಂಬ್ಕಂಡಿದ್ದೆ ಕಣ್ರೀ."

ಶಂಶುದ್ದೀನರು ಗೋಣಿಚೀಲ ಬಿಚ್ಚಿ, ಮುರಿದ ತೋಳಿನ ತುದಿಯನ್ನು ಬೆಳಕಿಗೆ ಹಿಡಿದರು. ಮುರಿದ ಜಾಗದಲ್ಲಿ ಅರ್ಧ ಕಪ್ಪಗಿತ್ತು, ತುಕ್ಕು ಹಿಡಿದ ಹಳೆಯ ಬಿರುಕು. ಮತ್ತರ್ಧ ಬೆಳ್ಳಗೆ ಹೊಳೆಯುತ್ತಿತ್ತು, ರೇಸಿನ ದಿನ ಮುರಿದದ್ದು. ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಸಲ ಪರದೆಯ ಕಡೆ ನೋಡಿದರು.

"ನನ್ ಕೈಯೇ ಬುಡಿ," ಎಂದರು. "ವಯಸ್ಸಾಯ್ತು. ನಡುಗ್ತದೆ. ಬೆಸುಗೆ ಸರಿಯಾಗ್ ಕೂತಿಲ್ಲ."

"ಹಿಂಗಂದ್ರೆ ಆಗೋಯ್ತಾ? ಇನ್ಮೇಲೆ ಟ್ರೇಲರ್ ಬೆಸ್ಯಕ್ಕೂ ನಿಮ್ತಾವ ಯಾವನೂ ಬರಲ್ಲ."

"ಬರ್ದಿದ್ರೆ ಬ್ಯಾಡ."

ಪರದೆ ಸರಿಯಿತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅಲ್ಮಾಸ್ ಹೊರಗೆ ಬಂದಳು. "ಅಬ್ಬಂದಲ್ಲ ಅಣ್ಣ. ನಂದು. ಬಿರುಕು ಮೊದ್ಲೇ ಇತ್ತು. ನಾನ್ ನೋಡ್ನಿಲ್ಲ, ಮೇಲೆ ಬಣ್ಣ ಬಳ್ದ್‌ಬುಟ್ಟೆ. ನೋಡಿ ಬೇಕಾದ್ರೆ, ಅರ್ಧ ಕಪ್ಪಗದೆ."

ಮೂರು ವರ್ಷದಲ್ಲಿ ಮಹೇಶ್ಕುಮಾರ್ ಅವಳ ದನಿ ಕೇಳಿದ್ದು ಅದೇ ಮೊದಲು. ಕಬ್ಬಿಣದ ಕಡೆ ಅವನು ನೋಡಲಿಲ್ಲ. ಅವಳ ಮುಖ ನೋಡಿದ. "ಹತ್ತು ದಿನ ಮಳೇಲಿ ಬಿದ್ದಿದ್ ಗಾಡಿ ಕಣಮ್ಮ, ಕಪ್ಪಗಾಗ್ದೆ ಇನ್ನೇನಾದದು?"

"ಮಳೆಗಾದ್ರೆ ಪೂರ್ತಿ ಕಪ್ಪಾಗ್ಬೇಕಿತ್ತಲ್ಲ..."

"ಸಾಕ್ ಬುಡವ್ವ." ಅವನ ದನಿ ಮೆತ್ತಗಾಗಿತ್ತು. "ಪುಣ್ಯ ಮಾಡಿದೀರಿ ಭಾಯ್. ಅಪ್ಪನ್ನ ಉಳ್ಸಕ್ಕೆ ಎಂಥಾ ಸುಳ್ಳು ಕಟ್ತು ನೋಡಿ ಈ ಕೂಸು."

"ಹೂಂ ಕಣ್ರೀ," ಎಂದರು ಶಂಶುದ್ದೀನರು. "ಕೂಸಿಗೆ ಸುಳ್ಳು ಹೇಳಕ್ಕೂ ಬರಲ್ಲ." ಕೈಯಲ್ಲಿದ್ದ ತುಂಡನ್ನು ಗುಜರಿಯ ರಾಶಿಗೆ ಎಸೆದರು.

ಮಹೇಶ್ಕುಮಾರನ ಕಾರು ತಿರುವು ದಾಟಿದ ಮೇಲೆ ಅಲ್ಮಾಸ್ ಕೇಳಿದಳು. "ಯಾಕಬ್ಬಾ?"

"ನಿಮ್ಮಣ್ಣಂಗೆ ಕಾಲು ಹೋಯ್ತು. ತಂಗೀನೂ ಹೋಗೋದ್ ಬ್ಯಾಡ."

ಮಾರನೆಯ ಮಧ್ಯಾಹ್ನ ಇಬ್ಬರೂ ಬುತ್ತಿ ಹಿಡಿದುಕೊಂಡು, ಮುಜಾಮಿಲ್‌ನನ್ನು ತಂದು ಮಲಗಿಸಿದ್ದ ಮೈಸೂರಿನ ಆಸ್ಪತ್ರೆಗೆ ಹೋದರು. ಮಹೇಶ್ಕುಮಾರ್ ಅಷ್ಟರಲ್ಲಿ ಫೋನಿನಲ್ಲಿ ಅಬ್ಬಾ ತಪ್ಪೊಪ್ಪಿಕೊಂಡದ್ದನ್ನೆಲ್ಲ ಹೇಳಿಯಾಗಿತ್ತು. ಅಬ್ಬನನ್ನು ಕಂಡದ್ದೇ ಮುಜಾಮಿಲ್ ಗೋಡೆಯ ಕಡೆ ಮುಖ ತಿರುಗಿಸಿದ. ಶಂಶುದ್ದೀನರು ಬುತ್ತಿಯನ್ನು ಮಂಚದ ಬುಡದಲ್ಲಿಟ್ಟು, ಹೊರಗಿನ ಬೆಂಚಿಗೆ ಹೋಗಿ ಕೂತರು.

ಅಲ್ಮಾಸ್ ಅನ್ನ ಸಾರು ಕಲಸಿದಳು. ಕಣ್ಣೊರೆಸಿಕೊಂಡು ಮಾತಾಡಲೆಂದು ಬಾಯಿ ತೆರೆದಾಗ ಅವನೇ ಈ ಕಡೆ ತಿರುಗಿದ.

"ಅಳ್ಬ್ಯಾಡ ಕಣಮ್ಮಿ," ಎಂದ. "ನೀನ್ ನೋಡಿರ್ತೀಯ ಅಂತ್ಲೇ ನಾನು ಪ್ರತಿ ಸಲ ಅದ್ರೊಳಗೆ ಕೂರ್ತಿದ್ದಿದ್ದು. ಆ ಮುದುಕ ಬೆಸುಗೆ ಒಳಗೆ ಮಾಡಿದ್ ತಪ್ಪು ನಿನ್ ಕಣ್ಣಿಗಾದ್ರೂ ಹೆಂಗ್ ಕಂಡದು?"

ಹಾಗಂದು, ಅವಳ ಕೈಯ ತುತ್ತಿಗೆ ಬಾಯಿ ತೆರೆದ.