ಏಳನೇ ನಂಬರಿನ ಪುಡಿ

ಹುಡುಗಿ ಆಯಸ್ಕಾಂತವನ್ನು ಪುಡಿಯ ಮೇಲೆ ಹಿಡಿದದ್ದೇ ತಡ, ಕಬ್ಬಿಣದ ಚೂರುಗಳೆಲ್ಲ ಸರಸರನೆ ಎದ್ದು ಅದಕ್ಕೆ ಅಂಟಿಕೊಂಡವು. ತಟ್ಟೆಯಲ್ಲಿ ಉಳಿದದ್ದು ಹಳದಿ ಗಂಧಕ ಮಾತ್ರ. ಅವಳು ಎರಡನ್ನೂ ಬೇರೆ ಬೇರೆ ಕಾಗದದ ಮೇಲಿಟ್ಟಳು. ಉತ್ತರಪತ್ರಿಕೆಯಲ್ಲಿ ‘ಏಳನೇ ನಂಬರಿನ ಪುಡಿ: ಮಿಶ್ರಣ’ ಎಂದು ಬರೆದು ಪರೀಕ್ಷಕರನ್ನು ಕರೆದಳು.

ಪರೀಕ್ಷಕರು ಹದಿನೆಂಟು ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದವರು. ಧಾತು, ಸಂಯುಕ್ತ, ಮಿಶ್ರಣ ಎಂದರೇನೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಂದಕ್ಷರ ಬಿಡದೆ ಒಪ್ಪಿಸುವಷ್ಟು ವಿದ್ವತ್ತು. ವಸ್ತುಗಳನ್ನು ಕೈಯಿಂದ ಮುಟ್ಟುವ ಚಟ ಮಾತ್ರ ಇರಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು ನೋಡಿದರು. ಏಳನೇ ನಂಬರಿನ ಎದುರು ‘ಐರನ್ ಸಲ್ಫೈಡ್, ಸಂಯುಕ್ತ’ ಎಂದಿತ್ತು. ಉತ್ತರ ತಪ್ಪು ಎಂದರು.

“ಸಂಯುಕ್ತ ಆಗಿದ್ರೆ ಕಬ್ಬಿಣ ಹೀಗೆ ಬೇರೆ ಆಗ್ತಿರ್ಲಿಲ್ಲ ಸರ್. ನೀವೇ ನೋಡಿ.”

ನೋಡಿದರು. ಹಳದಿ ಒಂದು ಕಡೆ, ಕಪ್ಪು ಒಂದು ಕಡೆ. ನಿಜವಾದ ಐರನ್ ಸಲ್ಫೈಡ್ ಹೋದ ವರ್ಷವೇ ಮುಗಿದಿತ್ತು. ಪ್ರಾಂಶುಪಾಲರು ಹೇಗಾದರೂ ಹೊಂದಿಸು ಎಂದದ್ದಕ್ಕೆ, ಪ್ರಯೋಗಾಲಯದ ಅಟೆಂಡರ್ ಬೆಳಿಗ್ಗೆಯಷ್ಟೇ ಗಂಧಕಕ್ಕೆ ಕಬ್ಬಿಣದ ಪುಡಿ ಬೆರೆಸಿ ಬಾಟಲಿ ತುಂಬಿಸಿದ್ದ. ಚೆನ್ನಾಗಿ ಕಾಯಿಸಿದ್ದರೆ ಸಂಯುಕ್ತವೇ ಆಗುತ್ತಿತ್ತು. ಆದರೆ ಗ್ಯಾಸೂ ಮುಗಿದಿತ್ತು. ಹುಡುಗಿ ಅವನ ಕಡೆ ತಿರುಗಿದಳು. ಅವನು ಹಳದಿ ಹತ್ತಿದ ಬೆರಳುಗಳಿಂದ, ಆಗಲೇ ತೊಳೆದಿದ್ದ ಗಾಜಿನ ನಳಿಕೆಯನ್ನು ಮತ್ತೆ ತೊಳೆಯತೊಡಗಿದ.

ಪರೀಕ್ಷಕರಿಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದೇ ತಲೆನೋವು. ಇನ್ನು ವರದಿ ಬರೆಯಬೇಕು, ಪರೀಕ್ಷೆ ಮತ್ತೆ ನಡೆಸಬೇಕು. ಹೋದ ವರ್ಷದ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದು, ಆಯಸ್ಕಾಂತ ಮುಟ್ಟದೆಯೇ ‘ಸಂಯುಕ್ತ’ ಎಂದು ಬರೆದು, ಪೂರ್ತಿ ಅಂಕ ಹೊಡೆದುಕೊಂಡು ಮನೆಗೆ ಹೋದ ಮೂವತ್ತು ಜಾಣರನ್ನು ವಾಪಸು ಕರೆಸಬೇಕು. ಅವರು ದನಿ ತಗ್ಗಿಸಿದರು.

“ನೋಡಮ್ಮ, ಈ ಪಟ್ಟಿ ಬೋರ್ಡಿಂದ ಬಂದಿದ್ದು, ಸೀಲ್ ಇದೆ. ಆ ಆಯಸ್ಕಾಂತ ಅಂಗಡಿಯಿಂದ ಬಂದಿದ್ದು. ಯಾವುದನ್ನ ನಂಬ್ತೀಯ?”

ಈ ಹತ್ತು ಅಂಕ ಹೋದರೆ ಅವಳು ಫೇಲು. ಫೇಲಾದರೆ ಮುಂದಿನ ಕೋರ್ಸಿಗೆ ಸಿಕ್ಕಿದ್ದ ಸೀಟೂ ಹೋಯಿತು. ಅವಳು ‘ಮಿಶ್ರಣ’ ಎಂಬುದನ್ನು ಹೊಡೆದುಹಾಕಿ ‘ಸಂಯುಕ್ತ’ ಎಂದು ಬರೆದಳು. ಕಣ್ಣಾರೆ ಕಂಡದ್ದನ್ನು ಸುಳ್ಳೆಂದು ಬರೆದ ನಾಚಿಕೆಗೆ ಕಿವಿ ಬಿಸಿಯಾಯಿತು. ಅವಳು ಬೇರೆ ಮಾಡಿಟ್ಟಿದ್ದ ಎರಡನ್ನೂ ಪರೀಕ್ಷಕರು ತಾವೇ ಮುತುವರ್ಜಿಯಿಂದ ತಟ್ಟೆಗೆ ಸುರಿದು, ಪೆನ್ನಿನ ಹಿಂಬದಿಯಿಂದ ಚೆನ್ನಾಗಿ ಕಲಸಿದರು. ಹತ್ತಕ್ಕೆ ಹತ್ತು ಹಾಕಿ, ಮುಂದೆ ಏನು ಓದುತ್ತೀಯೆಂದು ಅಕ್ಕರೆಯಿಂದಲೇ ವಿಚಾರಿಸಿದರು.

“ಫಾರ್ಮಸಿ, ಸರ್. ಔಷಧಿ ಅಂಗಡಿ ಇಡ್ಬೇಕು ಅಂತ.”

“ಒಳ್ಳೇದು,” ಎಂದರು ಪರೀಕ್ಷಕರು. “ಅಲ್ಲೂ ಇಷ್ಟೇ. ಬಾಟಲಿ ಮೇಲೆ ಏನು ಬರೆದಿರುತ್ತೋ, ಒಳಗಿರೋದು ಅದೇ. ತೆರೆದು ನೋಡೋಕೆ ಹೋಗ್ಬೇಡ.”