ಇಬ್ಬನಿ ಗಿಡ

ಉಡುಗೊರೆಯ ಕಾಗದ ಬಿಡಿಸಿದ ಸಸ್ಯಶಾಸ್ತ್ರದ ಮೇಡಂ ಮುಖದಲ್ಲಿದ್ದ ನಗು ಅಲ್ಲೇ ಇಂಗಿಹೋಯಿತು. ಅವರ ಬಡ್ತಿಯ ಸಂಭ್ರಮಕ್ಕೆಂದು ಸ್ಟಾಫ್ ರೂಮಿನಲ್ಲಿ ಸೇರಿದ್ದವರು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು. ಕೈಯಲ್ಲಿದ್ದುದು ಗಾಜಿನ ಬಟ್ಟಲು. ಒಳಗೆ ಕಪ್ಪು ಮಣ್ಣಿನ ಮೇಲೆ ನಾಣ್ಯದಗಲದ ಒಂದು ಕೆಂಪು ಗಿಡ. ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂತೆ ಹೊಳೆಯಬೇಕಿದ್ದ ಅಂಟು ಹನಿಗಳೆಲ್ಲ ಒಣಗಿದ್ದವು.

"ಹುಳ ತಿನ್ನೋ ಗಿಡವಂತೆ ಮೇಡಂ. ನಿಮ್ಮ ತಮ್ಮನ ಅಂಗಡೀದೇ!" ಎಂದರು ಗಣಿತದ ಮೇಷ್ಟ್ರು, ದೊಡ್ಡ ಗುಟ್ಟು ಬಿಟ್ಟುಕೊಟ್ಟವರಂತೆ.

ಮೇಡಂ ಮಧ್ಯಾಹ್ನದ ಪಾಠ ಬಿಟ್ಟು, ಬಟ್ಟಲು ಹಿಡಿದುಕೊಂಡೇ ತಮ್ಮನ ಹೂಗಿಡದ ಅಂಗಡಿಗೆ ನುಗ್ಗಿದರು. ಗಲ್ಲಾಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಅಂಥವೇ ಬಟ್ಟಲುಗಳ ಸಾಲು. ಅರ್ಧಕ್ಕರ್ಧ ಗಿಡಗಳು ಕೊಳೆತು ಕಪ್ಪಾಗಿದ್ದವು.

"ಎಲ್ಲಿಂದ ಕಿತ್ತೆ?"

"ಬಾ ಅಕ್ಕ, ಕೂತ್ಕೊ. ಮೊದ್ಲು ಒಂಚೂರು ನೀರು ಕುಡಿ."

"ನಿನ್ನ ನೀರಿಗಿಷ್ಟು ಬೆಂಕಿ ಹಾಕ! ಎಲ್ಲಿಂದ ಕಿತ್ತೆ ಅಂದೆ."

ತಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. "ಇದೇನು ಹೀಗೆ ಕೇಳ್ತೀಯ? ಜಾಗ ತೋರ್ಸಿದ್ದು ನೀನೇ ಅಲ್ವಾ?"

ಹೌದು, ಅವರೇ. ಹಳೆಯ ವ್ಯಾಪಾರ ಮುಳುಗಿ, ಊಟ ತಿಂಡಿ ಬಿಟ್ಟು ಗೋಡೆ ನೋಡುತ್ತ ಮಲಗಿದ್ದ ಇವನನ್ನು ಎಬ್ಬಿಸಿ ಎಳೆದುಕೊಂಡು ಹೋಗಿದ್ದರು, ಊರಾಚೆಯ ಕಲ್ಲುಗುಡ್ಡದ ಹಿಂಬದಿಗೆ. ಬಂಡೆಯಿಂದ ನೀರು ಜಿನುಗಿ ಮರಳು ಸದಾ ತೇವವಾಗಿರುವ ಜಾಗ ಅದು. ಹುಲ್ಲು ಕೂಡ ನೆಟ್ಟಗೆ ಬೆಳೆಯದ ಆ ಬಡ ನೆಲದಲ್ಲಿ ಇಬ್ಬನಿ ಗಿಡಗಳು ಕೆಂಪಗೆ ಹಾಸಿಕೊಂಡಿದ್ದವು. ಒಂದು ನುಸಿ ಬಂದು ಹನಿಗೆ ಅಂಟಿತು. ಕೂದಲುಗಳು ಒಂದೊಂದಾಗಿ ಅದರ ಮೇಲೆ ಬಾಗುವುದನ್ನು ಅಕ್ಕ ತಮ್ಮ ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಬೋರಲು ಮಲಗಿ ನೋಡಿದ್ದರು. ಅವತ್ತು ಮನೆಗೆ ಬಂದವನು ಮತ್ತೆ ಮತ್ತೆ ಬಡಿಸಿಕೊಂಡು ಉಂಡಿದ್ದ. ಅಡುಗೆಮನೆಗೆ ಹೋಗಿ ಮೇಡಂ ಕಣ್ಣೊರೆಸಿಕೊಂಡಿದ್ದರು.

"ತೋರ್ಸಿದ್ದು ನೋಡ್ಲಿ ಅಂತ ಕಣೋ. ಬಾಚ್ಕೊಂಡು ಬರ್ಲಿ ಅಂತಲ್ಲ!"

"ಚೆನ್ನಾಗೇ ನೋಡ್ಕೊಂಡಿದೀನಿ ಅಕ್ಕ. ಒಳ್ಳೆ ಮಣ್ಣು, ಒಳ್ಳೆ ಗೊಬ್ಬರ..."

"ಗೊಬ್ಬರ ಹಾಕೇ ಕೊಂದಿದೀಯ! ನೆಲದಲ್ಲಿ ಏನೂ ಸಿಗಲ್ಲ ಅಂತ್ಲೇ ಅದು ಹುಳ ಹಿಡಿಯೋದು. ಅವತ್ತು ಅಷ್ಟು ಬಡ್ಕೊಂಡ್ನಲ್ಲ, ಕಿವಿ ಎಲ್ಲಿ ಇಟ್ಟಿದ್ದೆ?"

"ಒಂದೆರಡು ಬುಟ್ಟಿ ತಂದಿದ್ದಕ್ಕೆ ಇಷ್ಟು ಕೂಗಾಟವಾ?" ಈಗ ಅವನ ದನಿಯೂ ಏರಿತು. "ಅಲ್ಲಿ ಬೇಕಾದಷ್ಟು ಬಿದ್ದಿದೆ."

"ಸರಿ, ನಡಿ. ಬೇಕಾದಷ್ಟು ಬಿದ್ದಿರೋದನ್ನ ನಂಗೂ ತೋರ್ಸು."

ಶಟರನ್ನು ಮೇಡಂ ತಾವೇ ಧಡಾರನೆ ಎಳೆದರು. ಮೇಡಂ ದಾಪುಗಾಲು ಹಾಕುತ್ತ ಗುಡ್ಡ ಹತ್ತಿದರು. ತಮ್ಮ ಹಿಂದೆ ಹಿಂದೆಯೇ ಉಳಿಯುತ್ತಿದ್ದ.

ಬಂಡೆಯ ಬುಡದಲ್ಲಿ ಆ ಕೆಂಪು ಹಾಸು ಇರಲೇ ಇಲ್ಲ. ತೇವದ ಮರಳಿನ ತುಂಬ ಗುಂಡಿಗಳು, ಚಪ್ಪಲಿ ಗುರುತುಗಳು, ಹರಿದ ಪ್ಲಾಸ್ಟಿಕ್ ಚೀಲಗಳು. ಗುಂಡಿಗಳಲ್ಲಿ ಕೆಸರು ನೀರು ನಿಂತಿತ್ತು. ಮೂಲೆಯಲ್ಲಿ ಗಂಡ ಹೆಂಡತಿ ಇಬ್ಬರು ಕುಕ್ಕರುಗಾಲಲ್ಲಿ ಕೂತಿದ್ದರು. ಆಕೆ ಊಟದ ಚಮಚದಿಂದ ಗಿಡವೊಂದನ್ನು ಮೀಟುತ್ತಿದ್ದಳು. ಆತ ಮೊಬೈಲನ್ನು ಅವಳ ಮುಂದೆ ಹಿಡಿದಿದ್ದ.

"ಬನ್ನಿ, ಬನ್ನಿ," ಆಕೆ ತಲೆಯೆತ್ತಿ ನಕ್ಕಳು. "ನೀವೂ ವಿಡಿಯೊ ನೋಡ್ಕೊಂಡು ಬಂದ್ರಾ? ಬೇಗ ಬನ್ನಿ, ಇನ್ನೊಂದು ನಾಕೈದು ಉಳಿದಿರ್ಬೇಕು."

ಮೇಡಂ ತಮ್ಮನ ಕಡೆ ತಿರುಗಿದರು.

"ಅವತ್ತು ಮೊಬೈಲಲ್ಲಿ ತೆಗ್ದಿದ್ನಲ್ಲ, ಅದನ್ನ ಅಂಗಡಿ ಪ್ರಚಾರಕ್ಕೆ ಅಂತ ಹಾಕಿದ್ದೆ ಅಕ್ಕ," ಅವನು ನೆಲ ನೋಡುತ್ತ ಗೊಣಗಿದ. "ನಿನ್ನ ಮುಖ ಎಲ್ಲೂ ಕಾಣ್ಸಲ್ಲ. ದೇವ್ರಾಣೆ."

ಕೆನ್ನೆಗೆ ಬಾರಿಸಲೆಂದು ಮೇಡಂ ಕೈ ಎತ್ತಿದರು. ಅಷ್ಟರಲ್ಲಿ ಆ ಹೆಂಗಸಿನ ಗಂಡನ ಮೊಬೈಲಿನೊಳಗಿಂದ ಮೇಡಂ ಅವರದೇ ದನಿ, ಸಂತೋಷ ತಡೆಯಲಾರದೆ ಕಿಲಕಿಲ ನಗುತ್ತ, ಬಂಡೆಗೆಲ್ಲ ಕೇಳುವಂತೆ ಹೇಳಿತು:

"ಇಲ್ಲೇ ನೋಡು, ಈ ಸಂದೀಲಿ. ಯಾರಿಗೂ ಹೇಳ್ಬೇಡ, ಆಯ್ತಾ?"