ತೊಳೆದ ಪೆಟ್ಟಿಗೆ

ಎರಡನೆಯ ತಂಬಿಗೆ ನೀರು ಪೆಟ್ಟಿಗೆಯ ಮುಚ್ಚಳದ ಮೇಲೆ ಬೀಳುವುದಕ್ಕೂ ದೀಪಶ್ರೀ ಗ್ಯಾರೇಜಿನ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

“ಅವ್ವಾ! ಏನ್ ಮಾಡಾಕತ್ತಿ?”

“ಕಾಣಾಕತ್ತಿಲ್ಲೇನು? ತೊಳ್ಯಾಕತ್ತೀನಿ. ಇವತ್ತ ಖಂಡೇ ಪೂಜಿ. ಹತಾರದ ಪೆಟಗಿಗೆ ಹಂಗ ಕುಂಕುಮ ಹಚ್ಚಿದ್ರ ನಡೀತೈತೇನು?” ಶಾರದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂಲೆಮೂಲೆಗೂ ಅಂಗೈ ಹಾಕಿ ಉಜ್ಜುತ್ತಿದ್ದಳು.

ದೀಪಶ್ರೀ ಓಡಿಬಂದು ತಂಬಿಗೆ ಕಿತ್ತುಕೊಂಡಳು. ಎರಡು ತಿಂಗಳ ಕೆಲಸ ಅದು. ಸಾವಿರ ವರ್ಷದ ಹಿಂದೆ ಯಾವನೋ ವೈಕಿಂಗ್ ಬಡಿಗನ ಹತಾರದ ಪೆಟ್ಟಿಗೆ ಸ್ವೀಡನ್ನಿನ ಜವುಗು ನೆಲದಲ್ಲಿ ಹೂತುಹೋಗಿ, ನಮ್ಮ ಕಾಲಕ್ಕೆ ಒಬ್ಬ ರೈತನ ನೇಗಿಲಿಗೆ ಸಿಕ್ಕಿ ಮೇಲೆದ್ದಿತ್ತು. ಅದರ ಚಿತ್ರ ಎದುರಿಗಿಟ್ಟುಕೊಂಡು ಓಕ್ ಹಲಗೆ ಸೀಳಿ, ಬಾಚಿಯಲ್ಲಿ ಕೆತ್ತಿ, ಒಂದು ಹನಿ ಅಂಟು ಸೋಕಿಸದೆ, ಬರೀ ಕಟ್ಟಿಗೆಯ ಮೊಳೆ ಬಡಿದು ಪಕ್ಕೆಗಳನ್ನು ಕೂಡಿಸಿದ್ದಳು. ಆ ವರ್ಷ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಈ ಪರದೇಶದ ಥ್ಯಾಂಕ್ಸ್‌ಗಿವಿಂಗ್ ರಜೆಯ ಸೋಮವಾರದಂದೇ ಬಿದ್ದಿತ್ತು. ಅದೇ ಮಧ್ಯಾಹ್ನ ಜಾರ್ಜ್‌ಟೌನಿನ ಮೈದಾನದಲ್ಲಿ ಇಂಥ ಪೆಟ್ಟಿಗೆಗಳ ಪಂದ್ಯ. ಗೆದ್ದವರಿಗೆ ಮುದುಕ ಬಡಿಗ ಹಾಲ್ವರನ ಕೈಕೆಳಗೆ ಎರಡು ವರ್ಷದ ಕಲಿಕೆ. ಸೋತರೆ ಕಟ್ಟಿಗೆಯ ಹುಚ್ಚು ಬಿಟ್ಟು ನಾಳೆಯೇ ಮೆಡೋವೇಲಿನ ಆಫೀಸಿನಲ್ಲಿ ಕಾಯಂ ಕುರ್ಚಿ. ಹಾಗೆಂದು ಅವ್ವನಿಗೆ ಅವಳೇ ಮಾತು ಕೊಟ್ಟಿದ್ದಳು.

ಸಾಲದ್ದಕ್ಕೆ ಯಾರಿಗೂ ಹೇಳದ ಗುಟ್ಟೊಂದಿತ್ತು. ಗ್ಯಾರೇಜಿನ ಹೀಟರಿನ ಬಿಸಿಗೆ ಮೊಳೆಗಳೆಲ್ಲ ಒಣಗಿ ಕುಗ್ಗಿದ್ದವು. ನಿನ್ನೆಯಿಂದ ಮುಟ್ಟಿದರೆ ಸಾಕು, ಪೆಟ್ಟಿಗೆ ಚಳಿ ಹಿಡಿದ ಮುದುಕನ ಹಲ್ಲಿನಂತೆ ಕಟಕಟ ಅನ್ನುತ್ತಿತ್ತು.

“ಓಕ್ ಮ್ಯಾಲೆ ನೀರು, ಕಬ್ಬಿಣ ಎರಡೂ ಕೂಡಿದ್ರ ಕರ್ರಗಾಗತೈತಿ ಅವ್ವಾ! ಫುಲ್ ಸ್ಟೇನ್! ಇಲ್ನೋಡು!” ಮುಚ್ಚಳದ ಕಬ್ಬಿಣದ ಪಟ್ಟಿಗಳ ಸುತ್ತ, ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಹರಡುತ್ತಿತ್ತು.

“ಆಗ್ಲಿ ಬಿಡು. ದೃಷ್ಟಿ ತಾಗೂದಿಲ್ಲ.”

ಸಿಟ್ಟು ನೆತ್ತಿಗೇರಿ ದೀಪಶ್ರೀ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಗಡಗಡ ಅಲುಗಿಸಿದಳು. ಸದ್ದಿಲ್ಲ. ಇನ್ನೊಮ್ಮೆ ಅಲುಗಿಸಿದಳು. ಇಲ್ಲ.

“ಏನ್ ಹಂಗ ಪಿಳಿಪಿಳಿ ನೋಡ್ತಿ? ಕೊಡ್ಲಿ ಕಾವು ಸಡ್ಲಾದ್ರ ನಿಮ್ಮಜ್ಜ ನೀರಾಗ ನೆನೀ ಇಡ್ತಿದ್ದಿಲ್ಲೇನು? ಕಟಿಗಿ ನೀರು ಕುಡದ್ರ ಉಬ್ಬತೈತಿ. ಅಷ್ಟು ಫೀ ಇಸ್ಕೊಂಡು ನಿಮ್ಮ ಬಡಿಗ್ಯಾರ ಕೋರ್ಸಿನಾಗ ಇದನ್ನ ಹೇಳ್ಲಿಲ್ಲೇನು?”

ಮೈದಾನದಲ್ಲಿ ಆರು ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಐದು ಎಣ್ಣೆ ಕುಡಿದು ಬಂಗಾರದಂತೆ ಹೊಳೆಯುತ್ತಿದ್ದವು. ಆರನೆಯದು ಅಡುಗೆಮನೆಯ ಹೊಗೆ ಹಿಡಿದ ಗೋಡೆಯಂತಿತ್ತು. ಪರೀಕ್ಷೆ ಬಲು ಸರಳ. ಪೆಟ್ಟಿಗೆಯ ತುಂಬ ಕಬ್ಬಿಣದ ಹತಾರ ತುಂಬಿ, ಇಬ್ಬರು ಗಟ್ಟಿಗರು ಮೊಣಕಾಲೆತ್ತರಕ್ಕೆ ಎತ್ತಿ, ಮೂರು ಸಲ ನೆಲಕ್ಕೆ ಬಿಡುವುದು. ಮೊದಲನೆಯದರ ಪಕ್ಕೆ ಮೊದಲ ಏಟಿಗೇ ಬಿಚ್ಚಿಕೊಂಡಿತು. ಎರಡನೆಯದರ ತಳ ಉದುರಿತು. ದೀಪಶ್ರೀಯ ಸರದಿ ಕೊನೆಯದು. ಅಷ್ಟರಲ್ಲಿ ಅಕ್ಟೋಬರಿನ ಒಣಗಾಳಿ ಸುಯ್ಯೆಂದು ಬೀಸತೊಡಗಿತು. ಮೂರನೆಯ ಪೆಟ್ಟಿಗೆಯೂ ಒಡೆದು ಬಿದ್ದಾಗ ಅವಳು ತನ್ನ ಮುಚ್ಚಳದ ಮೇಲೆ ಕೈಯೂರಿದಳು. ಬೆರಳಡಿಯಲ್ಲಿ ಸಣ್ಣಗೆ ‘ಕಟ್’ ಅಂದಿತು.

“ಅವ್ವಾ, ನೀರು.”

“ಕುಡ್ಯಾಕ?”

“ತೊಳ್ಯಾಕ.”

ಶಾರದವ್ವ ಕಾರಿನಿಂದ ದೊಡ್ಡ ಕ್ಯಾನನ್ನೇ ಹೊತ್ತು ತಂದಳು. ಜನರ ಕಣ್ಣೆದುರೇ ದೀಪಶ್ರೀ ಪೆಟ್ಟಿಗೆಗೆ ಒಳಗೂ ಹೊರಗೂ ನೀರು ಸುರಿದು, ಒಂದೊಂದು ಮೊಳೆಯ ತಲೆಯನ್ನೂ ಬೆರಳಿನಿಂದ ತೀಡುತ್ತ ಕೂತಳು. “ಗಿಡ ಬೆಳೆಸ್ತೀಯಾ?” ಎಂದು ಯಾರೋ ಕೂಗಿದರು. ಸುತ್ತ ನಗೆಯೆದ್ದಿತು.

ಹಾಲ್ವರ್ ಬಂದು ಅವಳೆದುರು ನಿಂತ. ಬಿಳಿ ಗಡ್ಡ, ಬಾಗಿಲಿನಷ್ಟು ಅಗಲದ ಆಳು. “ಇದಕ್ಕೇನು ಬಾಯಾರಿಕೆಯೇ?”

ಓಕಿಗೆ ಹೀಗೇ ಮಾಡುವುದು ಪದ್ಧತಿ ಎಂದುಬಿಡಬಹುದಿತ್ತು. ಗಂಟಲವರೆಗೆ ಬಂದ ಮಾತನ್ನು ದೀಪಶ್ರೀ ನುಂಗಿದಳು. “ಮೊಳೆ ಸಡಿಲಾಗಿದ್ದವು. ಬೆಳಿಗ್ಗೆ ಪೂಜೆಗೆಂದು ನಮ್ಮಮ್ಮ ತೊಳೆದಾಗ ಬಿಗಿಯಾದವು. ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.”

ಮುದುಕ ಬಗ್ಗಿ ಒಂದು ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಹೋಗಿ ಉಳಿದ ಎರಡನ್ನು ಎತ್ತಿಸಿದ. ನಾಲ್ಕನೆಯದು ಎರಡನೆಯ ಏಟಿಗೆ ಸೀಳಿತು. ಐದನೆಯದು ಮೂರನೆಯದಕ್ಕೆ ಬಾಯಿ ಬಿಟ್ಟಿತು.

ಅವಳದರ ಸರದಿ ಬಂತು. ಧಡ್. ಮತ್ತೆ ಧಡ್. ನಗುತ್ತಿದ್ದವರು ಮುಂದಕ್ಕೆ ಒತ್ತಿ ಬಂದರು. ಮೂರನೆಯ ಸಲ ನೆಲವೇ ನಡುಗಿತು. ಹಾಲ್ವರ್ ಇನ್ನೂ ಒಮ್ಮೆ ಎಂದು ಬೆರಳೆತ್ತಿದ. ನಾಲ್ಕು. ಹಲಗೆ ಹಲಗೆಯನ್ನು ಕಚ್ಚಿ ಹಿಡಿದು ಕೂತ ಪೆಟ್ಟಿಗೆ ಕಮಕ್ ಕಿಮಕ್ ಎನ್ನಲಿಲ್ಲ. ಮೈದಾನ ಚಪ್ಪಾಳೆಯಲ್ಲಿ ಮುಳುಗಿಹೋಯಿತು.

“ನಾಳೆ ಬೆಳಿಗ್ಗೆ ಏಳಕ್ಕೆ ಬಾ,” ಎಂದ ಹಾಲ್ವರ್.

“ಏನಂದಾ?” ಶಾರದವ್ವ ಮಗಳ ತೋಳು ಹಿಡಿದು ಜಗ್ಗಿದಳು.

“ನಾಳೆಯಿಂದ ಕೆಲಸಕ್ಕ ಬಾ ಅಂದ.”

“ನಾಳೆ ಬನ್ನಿ ಹಬ್ಬ. ಚಲೋ ದಿನ ಹೇಳ್ಯಾನ.” ಶಾರದವ್ವ ಕಣ್ಣೊರೆಸಿಕೊಂಡು ಮೂಗು ಏರಿಸಿದಳು. “ಆ ಮೆಡೋವೇಲ್ ಕುರ್ಚ್ಯಾಗ ಯಾರರ ಕುಂದರ್ಲಿ, ನಮಗೇನು.”

ಹಾಲ್ವರ್ ಕೈ ಚಾಚಿದ. ದೀಪಶ್ರೀ ತಾನೂ ಚಾಚಲು ಹೋಗಿ ಕೈ ಹಿಂತೆಗೆದಳು. ಒದ್ದೆ ಓಕು, ಕಬ್ಬಿಣ ಎರಡನ್ನೂ ತೀಡಿ ತೀಡಿ ಅವಳ ಬೆರಳ ಸಂದು, ಉಗುರಡಿ, ಅಂಗೈ ಎಲ್ಲ ನೀಲಿಗಪ್ಪಾಗಿತ್ತು. ನಾಚಿ ಜೀನ್ಸಿಗೆ ಒರೆಸಿದಳು, ಹೋಗಲಿಲ್ಲ. ಮುದುಕ ನಕ್ಕು ತನ್ನ ಅಂಗೈಯನ್ನು ಬಿಸಿಲಿಗೆ ಹೊರಳಿಸಿ ತೋರಿಸಿದ. ಐವತ್ತು ವರ್ಷದ ಓಕು ಅಲ್ಲಿ ಗೆರೆಗೆರೆಯಲ್ಲೂ ಇಳಿದು ಕೂತಿತ್ತು, ಯಾವ ಸಾಬೂನಿಗೂ ಜಗ್ಗದಷ್ಟು ಕಪ್ಪಾಗಿ.